ಚತುಸ್ಸೀಮೆಯಿಂದ ಸೀಮಾಯತಕ್ಕೆ: ಲಕ್ಕುಂಡಿಯ ನೆಲದ ಎಲ್ಲೆಗಳನ್ನು ಕುರಿತು ಒಂದು ವಿಚಾರ

1. ಪ್ರಸ್ತಾವನೆ

ಗದಗದಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರು ಕ್ರಮಿಸಿದರೆ ಲಕ್ಕುಂಡಿ ದೊರೆಯುತ್ತದೆ. ಶಾಸನಗಳಲ್ಲಿ ಈ ಊರಿಗೆ ಲೊಕ್ಕಿಗುಂಡಿ ಎಂಬ ಹೆಸರಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ದೇವಾಲಯ, ಬಸದಿ, ಟಂಕಸಾಲೆಗಳಿಂದ ಕೂಡಿದ ಪಟ್ಟಣವಾಗಿದ್ದಿತು. ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆಯು ಕ್ರಿ. ಶ. 1007ರಲ್ಲಿ ಇಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. 12ನೆಯ ಶತಮಾನದ ಕೊನೆಯ ದಶಕದಲ್ಲಿ ಸೇವುಣರನ್ನು ಸೋಲಿಸಿದ ಹೊಯ್ಸಳ ವೀರಬಲ್ಲಾಳನು ಇದನ್ನೇ ತನ್ನ ನೆಲೆವೀಡನ್ನಾಗಿ ಮಾಡಿಕೊಂಡನು. ಈ ಊರಿನಲ್ಲಿ 101 ಗುಡಿಗಳೂ 101 ಬಾವಿಗಳೂ ಇದ್ದವೆಂಬ ಮಾತು ಜನರ ಬಾಯಲ್ಲಿ ಇಂದಿಗೂ ಉಳಿದಿದೆ. ಈ ಸಂಖ್ಯೆಯನ್ನು ಅಕ್ಷರಶಃ ಗ್ರಹಿಸಬೇಕಾಗಿಲ್ಲವಾದರೂ, ಅದರ ಹಿಂದಿರುವ ಭಾವನೆ ಸುಳ್ಳಲ್ಲ. ಮನೆಯ ಗೋಡೆ, ಹಿತ್ತಲು, ದನದ ಕೊಟ್ಟಿಗೆ, ಹೊಲದ ಬದು, ಎಲ್ಲಿ ನೋಡಿದರೂ ಹಳೆಯ ಪಟ್ಟಣದ ಒಂದಿಲ್ಲೊಂದು ಕಲ್ಲು ಕಣ್ಣಿಗೆ ಬೀಳುತ್ತದೆ.

ಪ್ರಸ್ತುತ ಲೇಖಕನು ಕೆಲಕಾಲದ ಹಿಂದೆ ವಿದ್ಯಾರ್ಥಿಗಳ ತಂಡವೊಂದರೊಡನೆ ಈ ಊರಿನ ಅವಶೇಷಗಳ ನಕ್ಷೆಯನ್ನು ಸಿದ್ಧಪಡಿಸುತ್ತಿದ್ದನು. ಆಗ ಗುಡಿಯೊಂದರ ನೆರೆಮನೆಯ ವೃದ್ಧರು, “ಗುಡಿ ಎಲ್ಲಿಗೆ ಮುಗಿಯಿತು, ನನ್ನ ಹಿತ್ತಲು ಎಲ್ಲಿಂದ ಹತ್ತಿತು, ಅಷ್ಟನ್ನು ಹೇಳಿರಿ” ಎಂದು ಕೇಳಿದರು. ಪ್ರಶ್ನೆ ಸರಳವಾದುದು. ಆದರೆ ಅದಕ್ಕೆ ಆ ದಿನ ನಮ್ಮ ನಕ್ಷೆಯಿಂದ ಉತ್ತರ ಕೊಡಲಾಗಲಿಲ್ಲ. ಅವಶೇಷ ಎಲ್ಲಿದೆ ಎಂಬುದನ್ನು ನಾವು ಗುರುತಿಸಿದ್ದೆವೇ ಹೊರತು, ಅದು ಎಲ್ಲಿಯವರೆಗೆ ಇದೆ ಎಂಬುದನ್ನು ಗುರುತಿಸಿರಲಿಲ್ಲ.

“ಎಲ್ಲಿಯವರೆಗೆ” ಎಂಬ ಈ ಪ್ರಶ್ನೆಯೇ ಪ್ರಸ್ತುತ ಲೇಖನದ ವಿಷಯ. ಇಂದಿನ ಗಣಕಶಾಸ್ತ್ರದಲ್ಲಿ ಇದಕ್ಕೆ ಒಂದು ನಿಶ್ಚಿತವಾದ ರೂಪವಿದೆ. ಒಂದು ಪ್ರದೇಶವನ್ನೋ ವಸ್ತುವನ್ನೋ ಸಣ್ಣ ಸಣ್ಣ ಕೋಶಗಳ ಜಾಲವನ್ನಾಗಿ ವಿಭಾಗಿಸಿ, ಆ ಕೋಶಗಳಲ್ಲಿ ಕೆಲವನ್ನು ಆರಿಸಿಕೊಂಡ ಮೇಲೆ, ಅವೆಲ್ಲವನ್ನೂ ಒಳಗೊಳ್ಳುವ ಅತಿ ಚಿಕ್ಕ ಆಯತವನ್ನು ಕಂಡುಹಿಡಿಯುವುದು. ಇದನ್ನು ಬೌಂಡಿಂಗ್ ಬಾಕ್ಸ್ ಎಂದು ಕರೆಯುವ ರೂಢಿಯಿದೆ. ಈ ಲೇಖನದಲ್ಲಿ ‘ಸೀಮಾಯತ’ ಎಂಬ ಶಬ್ದವನ್ನು ಬಳಸಲಾಗಿದೆ. ಹೆಸರು ಹೊಸದಾದರೂ ವಿಚಾರ ಹೊಸದಲ್ಲ. ನಮ್ಮ ಶಾಸನಗಳ ಚತುಸ್ಸೀಮೆ, ಶಿಲ್ಪಿಗಳ ತಲವಿನ್ಯಾಸ, ಕಂದಾಯದ ಮೋಜಣಿ, ಉತ್ಖನನದ ಚೌಕಗಳು, ಇವೆಲ್ಲವೂ ಬೇರೆಬೇರೆ ಕಾಲಗಳಲ್ಲಿ ಇದೇ ಲೆಕ್ಕವನ್ನು ಮಾಡಿವೆ. ಅವುಗಳನ್ನು ಒಟ್ಟಿಗಿಟ್ಟು ನೋಡಿದರೆ ಲಕ್ಕುಂಡಿಯ ಇಂದಿನ ಒಂದು ತೊಡಕು ಸ್ಪಷ್ಟವಾಗುವುದೆಂದು ತೋರುತ್ತದೆ.

2. ಲೆಕ್ಕದ ಸ್ವರೂಪ

ಮೊದಲು ಲೆಕ್ಕವನ್ನು ತಿಳಿದುಕೊಳ್ಳೋಣ. ನೆಲದ ಮೇಲೆ 10 ಮೀಟರು ಅಳತೆಯ ಚೌಕಗಳ ಜಾಲವನ್ನು ಹಾಸಲಾಗಿದೆಯೆಂದು ಭಾವಿಸಬಹುದು. ಪಶ್ಚಿಮದಿಂದ ಪೂರ್ವಕ್ಕೂ ದಕ್ಷಿಣದಿಂದ ಉತ್ತರಕ್ಕೂ ಚೌಕಗಳಿಗೆ 0, 1, 2 ಎಂದು ಕ್ರಮಾಂಕಗಳನ್ನು ಕೊಡಲಾಗಿದೆ. ಇವುಗಳಲ್ಲಿ ಅವಶೇಷವಿರುವ ನಾಲ್ಕು ಕೋಶಗಳನ್ನು ಆರಿಸಿದೆವು: (3, 2), (4, 2), (4, 3), (7, 6). ಮೊದಲಂಕಿ ಪೂರ್ವಕ್ಕೆ, ಎರಡನೆಯದು ಉತ್ತರಕ್ಕೆ ಸಂಬಂಧಿಸಿದುದು. ಪ್ರತಿ ಕೋಶದ ನಾಲ್ಕು ಮೂಲೆಗಳ ಅಂಕಗಳನ್ನೂ ತೆಗೆದುಕೊಂಡು, ಪೂರ್ವದ ಅಂಕಗಳಲ್ಲಿ ಅತಿ ಕಡಮೆಯದನ್ನೂ ಅತಿ ಹೆಚ್ಚಿನದನ್ನೂ, ಹಾಗೆಯೇ ಉತ್ತರದ ಅಂಕಗಳಲ್ಲಿ ಅತಿ ಕಡಮೆಯದನ್ನೂ ಅತಿ ಹೆಚ್ಚಿನದನ್ನೂ ಬರೆದುಕೊಳ್ಳಬೇಕು. ಇಲ್ಲಿ ಪೂರ್ವಕ್ಕೆ 30ರಿಂದ 80, ಉತ್ತರಕ್ಕೆ 20ರಿಂದ 70 ಎಂದು ಬರುತ್ತದೆ. ಈ ನಾಲ್ಕು ಸಂಖ್ಯೆಗಳೇ ಸೀಮಾಯತ. ಮೂರನೆಯದಾಗಿ ಆಳವೂ ಬೇಕಾದಲ್ಲಿ ಇನ್ನೆರಡು ಸಂಖ್ಯೆಗಳು ಕೂಡುತ್ತವೆ.

ಈ ಸುಲಭವಾದ ಲೆಕ್ಕದಲ್ಲಿ ಎಡವಲು ಮೂರು ಸ್ಥಳಗಳಿವೆ.

ಮೊದಲನೆಯದು, ಮೂಲೆಗಳಿಗೆ ಬದಲಾಗಿ ಕೋಶಗಳ ನಡುಬಿಂದುಗಳನ್ನು ಹಿಡಿಯುವುದು. ಹಾಗೆ ಮಾಡಿದರೆ ಮೇಲಿನ ಉದಾಹರಣೆಯಲ್ಲಿ ಪೂರ್ವಕ್ಕೆ 35ರಿಂದ 75, ಉತ್ತರಕ್ಕೆ 25ರಿಂದ 65 ಎಂದಾಗಿ, 2500 ಚದರ ಮೀಟರಿನ ಆಯತವು 1600 ಚದರ ಮೀಟರಿಗೆ ಇಳಿಯುತ್ತದೆ. ಪ್ರತಿ ಅಂಚಿನಲ್ಲಿ ಅರ್ಧ ಕೋಶ ಮಾತ್ರ ತಪ್ಪಿದರೂ ಒಟ್ಟಿನಲ್ಲಿ ನೂರಕ್ಕೆ 36 ಪಾಲು ನೆಲ ಕೈಬಿಟ್ಟು ಹೋಯಿತು. ಈ ತಪ್ಪನ್ನು ಲೇಖಕನು ಸ್ವತಃ ಮಾಡಿದ್ದನು. ಮೇಲೆ ಹೇಳಿದ ನಕ್ಷೆಯಲ್ಲಿ ಪ್ರತಿಯೊಂದು ಅವಶೇಷವನ್ನೂ ಒಂದೊಂದು ಚುಕ್ಕೆಯಿಂದ ಗುರುತಿಸಿ, ಚುಕ್ಕೆಗಳ ಸುತ್ತ ಗೆರೆ ಎಳೆದ ಕಾರಣ, ಅಂಚಿನ ಬಾವಿಯೊಂದರ ಬಾಯಿ ಒಳಗೂ ಮೆಟ್ಟಿಲು ಹೊರಗೂ ಉಳಿದಿದ್ದವು.

ಎರಡನೆಯದು, ಶೂನ್ಯವನ್ನು ಕುರಿತದ್ದು. ದೊಡ್ಡ ಜಾಲಗಳನ್ನು ಹಲವು ಭಾಗಗಳಾಗಿ ಹಂಚಿ, ಪ್ರತಿ ಭಾಗದ ಎಲ್ಲೆಗಳನ್ನು ಬೇರೆಬೇರೆಯಾಗಿ ಎಣಿಸಿ ಆಮೇಲೆ ಕೂಡಿಸುವುದು ವಾಡಿಕೆ. ಕಡಮೆಯವುಗಳಲ್ಲಿ ಕಡಮೆಯದನ್ನು, ಹೆಚ್ಚಿನವುಗಳಲ್ಲಿ ಹೆಚ್ಚಿನದನ್ನು ಆಯ್ದರೆ ಸಾಕು. ಆದರೆ ಯಾವುದೋ ಒಂದು ಭಾಗದಲ್ಲಿ ಆರಿಸಿದ ಕೋಶ ಒಂದೂ ಇಲ್ಲದಿದ್ದಾಗ ಅಲ್ಲಿ ‘0’ ಎಂದು ಬರೆದರೆ, ಆ ಸೊನ್ನೆಯೇ ಅತಿ ಕಡಮೆಯ ಸಂಖ್ಯೆಯಾಗಿ ನಿಂತು ಆಯತವನ್ನು ಜಾಲದ ಮೂಲೆಯವರೆಗೆ ಎಳೆದುಬಿಡುತ್ತದೆ. ‘ಇಲ್ಲ’ ಎಂಬುದಕ್ಕೂ ‘ಸೊನ್ನೆ’ ಎಂಬುದಕ್ಕೂ ಇರುವ ಭೇದವನ್ನು ಲೆಕ್ಕಿಗನು ಮರೆಯಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮೇಲಿನ ಆಯತದ ವಿಸ್ತೀರ್ಣ 2500 ಚದರ ಮೀಟರು. ಆರಿಸಿದ ಕೋಶಗಳ ವಿಸ್ತೀರ್ಣವಾದರೋ ಕೇವಲ 400. ಉಳಿದ 2100 ಚದರ ಮೀಟರು ನಾವು ಆರಿಸದೆ ಇದ್ದ ನೆಲ. ಒಂದಕ್ಕೊಂದು ತಾಗಿರುವ ಮೊದಲ ಮೂರು ಕೋಶಗಳಿಗೆ ಒಂದು ಆಯತವನ್ನೂ, ದೂರದ ನಾಲ್ಕನೆಯ ಕೋಶಕ್ಕೆ ಇನ್ನೊಂದನ್ನೂ ಎಳೆದರೆ ಎರಡರ ಒಟ್ಟು ವಿಸ್ತೀರ್ಣ 500 ಆಗಿ, ಅದರಲ್ಲಿ 400 ನಮಗೆ ಬೇಕಾದುದೇ ಆಗಿರುತ್ತದೆ. ಒಂದೇ ಆಯತವೋ ಹಲವು ಆಯತಗಳೋ ಎಂಬ ನಿರ್ಣಯವನ್ನು ಗಣಿತ ಮಾಡಲಾರದು, ಉದ್ದೇಶ ಮಾಡಬೇಕು.

ಹಾಗಾದರೆ ಇಷ್ಟು ದೋಷಗಳಿರುವ ಆಯತವನ್ನು ಬಳಸುವುದೇಕೆಂದು ಕೇಳಬಹುದು. ಅದರ ಗುಣ ಅದರ ಲಾಘವದಲ್ಲಿದೆ. ಸಾವಿರಾರು ಮೂಲೆಗಳ ಆಕಾರವನ್ನು ನಾಲ್ಕು ಸಂಖ್ಯೆಗಳಲ್ಲಿ ಹೇಳಬಹುದು. ಎರಡು ವಸ್ತುಗಳ ಆಯತಗಳು ತಾಗದಿದ್ದರೆ ವಸ್ತುಗಳೂ ತಾಗಿಲ್ಲವೆಂದು ಒಡನೆಯೇ ತಿಳಿಯಬಹುದು. 1984ರಲ್ಲಿ ಆಂಟೊನಿನ್ ಗಟ್‌ಮನ್ ಎಂಬ ವಿದ್ವಾಂಸನು ಇಂತಹ ಆಯತಗಳನ್ನೇ ಒಂದರೊಳಗೊಂದು ಜೋಡಿಸಿ, ಭೂಪಟದ ಮಾಹಿತಿಯನ್ನು ಶೀಘ್ರವಾಗಿ ಹುಡುಕುವ ಕ್ರಮವೊಂದನ್ನು ನಿರೂಪಿಸಿದನು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಆಯತಗಳು ತಾಗದಿದ್ದರೆ ನಿರ್ಣಯ ಅಂತಿಮ. ತಾಗಿದರೆ ಅದು ಇನ್ನೂ ಪರೀಕ್ಷಿಸಬೇಕಾದ ಸಂದೇಹ ಮಾತ್ರ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುವುದು.

3. ಶಾಸನಗಳ ಚತುಸ್ಸೀಮೆ

ದಾನಶಾಸನಗಳನ್ನು ಓದಿದವರಿಗೆ ಸೀಮಾವಿವರಣೆಯ ಭಾಗ ಪರಿಚಿತವಾದುದೇ. ಅರಸನ ಪ್ರಶಸ್ತಿ, ದಾನದ ಕಾಲ, ದಾನಿ ಮತ್ತು ಪ್ರತಿಗ್ರಹಿಗಳ ಉಲ್ಲೇಖ ಮುಗಿದ ಮೇಲೆ, ಕೊಟ್ಟ ಭೂಮಿಗೆ ಮೂಡಲು ಏನು, ತೆಂಕಲು ಏನು, ಪಡುವಲು ಏನು, ಬಡಗಲು ಏನು ಎಂಬುದನ್ನು ಹೇಳುತ್ತಾರೆ. ಹಳ್ಳ, ಕೆರೆಯ ಏರಿ, ಹೆದ್ದಾರಿ, ಮರ, ಹುತ್ತ, ಮತ್ತೊಂದು ದೇವರ ಕೆಯ್, ನಟ್ಟ ಕಲ್ಲು, ಹೀಗೆ ಕಣ್ಣಿಗೆ ಕಾಣುವ ಗುರುತುಗಳೇ ಎಲ್ಲೆಗಳು. ನಾಲ್ಕು ದಿಕ್ಕಿಗೆ ನಾಲ್ಕು ಮಿತಿಗಳು. ಗಣಕವು ಬರೆದಿಡುವ ನಾಲ್ಕು ಸಂಖ್ಯೆಗಳ ಸ್ಥಾನದಲ್ಲಿ ಇಲ್ಲಿ ನಾಲ್ಕು ಗುರುತುಗಳಿವೆ.

ಈ ಪದ್ಧತಿಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು, ಎಲ್ಲೆಯನ್ನು ಹೇಳುವಾಗ ಶಾಸನಕಾರನು ಹೊಲದ ನಡುವನ್ನು ಎಂದೂ ಹೇಳುವುದಿಲ್ಲ, ಅಂಚನ್ನೇ ಹೇಳುತ್ತಾನೆ. ನೆರೆಯ ಕೆಯ್ ಎಲ್ಲಿ ಆರಂಭವಾಗುವುದೋ ಅಲ್ಲಿಗೆ ದಾನದ ಕೆಯ್ ಮುಗಿಯಿತು. ಕಲ್ಲನ್ನು ನೆಡುವುದೂ ಮೂಲೆಯಲ್ಲಿ ಅಥವಾ ಬದುವಿನ ಮೇಲೆ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು, ಮುಂದಿನ ಕಾಲದಲ್ಲಿ ವಾಮನಮುದ್ರೆಯ ಕಲ್ಲು, ಇವೆಲ್ಲ ಅಂಚನ್ನು ಕಾಯುವ ಗುರುತುಗಳು. ಮೇಲೆ ಹೇಳಿದ ಮೊದಲನೆಯ ತಪ್ಪು ಅವರಿಂದ ಆಗುವ ಸಂಭವವಿರಲಿಲ್ಲ.

ಎರಡನೆಯದು, ಚತುಸ್ಸೀಮೆಯ ಜೊತೆಗೆ ಭೂಮಿಯ ಪ್ರಮಾಣವನ್ನೂ ಬೇರೆಯಾಗಿ ಹೇಳುವ ರೂಢಿ. ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಅಳತೆಯನ್ನು ಕೊಟ್ಟು, ಯಾವ ಗಳೆಯಿಂದ ಅಳೆದುದೆಂಬುದನ್ನೂ ಹಲವೆಡೆ ಸೂಚಿಸುತ್ತಾರೆ. ಗಳೆಯ ಉದ್ದ ನಾಡಿನಿಂದ ನಾಡಿಗೆ ಬದಲಾಗುತ್ತಿದ್ದುದರಿಂದ ಈ ಸೂಚನೆ ಅವಶ್ಯವಾಗಿದ್ದಿತು; ಬಳ್ಳಿಗಾವೆಯ ಭೇರುಂಡ ಗಳೆ ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಹೀಗೆ ಒಂದೇ ದಾನಕ್ಕೆ ಎರಡು ಹೇಳಿಕೆಗಳು ದೊರೆಯುತ್ತವೆ: ಎಲ್ಲೆ ಮತ್ತು ಪ್ರಮಾಣ. ಎಲ್ಲೆ ಸ್ಥಾನವನ್ನು ನಿರ್ದೇಶಿಸುತ್ತದೆ. ಪ್ರಮಾಣವು ಎಲ್ಲೆಯೊಳಗೆ ನಿಜವಾಗಿ ದತ್ತವಾದುದೆಷ್ಟು ಎಂಬುದನ್ನು ನಿರ್ಣಯಿಸುತ್ತದೆ. ಒಂದರಿಂದ ಇನ್ನೊಂದನ್ನು ತಾಳೆ ನೋಡಬಹುದು. ಎಲ್ಲೆಯನ್ನು ಹಿಗ್ಗಿಸುವ ದುರಾಶೆಗೆ ಪ್ರಮಾಣವೂ, ಸ್ಥಳವನ್ನು ಬದಲಿಸುವ ಕಪಟಕ್ಕೆ ಎಲ್ಲೆಯೂ ತಡೆಯಾಗಿದ್ದವು. ಇಂದಿನ ಲೆಕ್ಕದಲ್ಲಿ ಸೀಮಾಯತದ ವಿಸ್ತೀರ್ಣವನ್ನೇ ವಸ್ತುವಿನ ವಿಸ್ತೀರ್ಣವೆಂದು ಭ್ರಮಿಸುವವರು ಈ ಹಳೆಯ ಪದ್ಧತಿಯಿಂದ ಕಲಿಯಬೇಕಾದುದಿದೆ.

ಇನ್ನೊಂದು ವಿಶೇಷವುಂಟು. ಕೆಲವು ಶಾಸನಗಳು ನಾಲ್ಕು ದಿಕ್ಕುಗಳಿಗೆ ತೃಪ್ತವಾಗದೆ, ಈಶಾನ್ಯ, ಆಗ್ನೇಯ, ನೈರುತ್ಯ, ವಾಯವ್ಯಗಳನ್ನೂ ಸೇರಿಸಿ ಎಂಟು ದಿಕ್ಕಿನ ಎಲ್ಲೆಗಳನ್ನು ಹೇಳುತ್ತವೆ. ಇದನ್ನು ಕೇವಲ ವಿಸ್ತಾರಪ್ರಿಯತೆಯೆಂದು ಎಣಿಸುವುದು ಸುಲಭ. ಆದರೆ ನಾಲ್ಕು ಎಲ್ಲೆಗಳ ಆಯತದಲ್ಲಿ ಮೂಲೆಗಳೇ ವಿವಾದದ ನೆಲ. ಮೂಲೆಯ ದಿಕ್ಕುಗಳಿಗೂ ಗುರುತು ಹೇಳಿದೊಡನೆ ಆ ನಾಲ್ಕು ಮೂಲೆಗಳು ಕತ್ತರಿಸಲ್ಪಟ್ಟು ಆಕಾರ ಬಿಗಿಯಾಗುತ್ತದೆ. ಇದರ ಪ್ರಯೋಜನವೆಷ್ಟೆಂಬುದನ್ನು ಆರನೆಯ ಭಾಗದಲ್ಲಿ ಅಂಕಿಗಳಿಂದ ತೋರಿಸಲಾಗುವುದು.

4. ತಲವಿನ್ಯಾಸದಲ್ಲಿ ಕೋಶಗಳು

ವಾಸ್ತುಶಾಸ್ತ್ರದ ಮಂಡಲಗಳು ಕೋಶಜಾಲದ ಅತ್ಯಂತ ಪ್ರಾಚೀನ ನಿದರ್ಶನಗಳಲ್ಲಿ ಸೇರುತ್ತವೆ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೇ 64 ಪದಗಳ ಮತ್ತು 81 ಪದಗಳ ಮಂಡಲಗಳು ಬಂದಿವೆ. ಅಂದರೆ ಪಕ್ಕಕ್ಕೆ 8 ಅಥವಾ 9 ಮನೆಗಳ ಚೌಕ. ಮೈಕೇಲ್ ಮೈಸ್ಟರ್ ಮೊದಲಾದ ವಿದ್ವಾಂಸರು ಉತ್ತರ ಭಾರತದ ದೇವಾಲಯಗಳನ್ನು ಅಳೆದು, ಇಂತಹ ಜಾಲವು ಬರಿಯ ತತ್ತ್ವವಾಗಿರದೆ ಕಟ್ಟಡದ ಅಳತೆಯನ್ನೂ ನಿಯಂತ್ರಿಸಿತೆಂದು ಪ್ರತಿಪಾದಿಸಿದ್ದಾರೆ. ಲಕ್ಕುಂಡಿಯ ಪ್ರತಿಯೊಂದು ಗುಡಿಯೂ ಇಂತಹ ಮಂಡಲದ ಮೇಲೆಯೇ ನಿಂತಿದೆಯೆಂದು ಪ್ರಸ್ತುತ ಲೇಖಕನು ವಾದಿಸುವುದಿಲ್ಲ. ಆದರೆ ಇಲ್ಲಿಯ ಗುಡಿಗಳ ಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಮುಂಚಾಚಿರುವುದನ್ನು ಯಾರಾದರೂ ಕಾಣಬಹುದು. ಮೂಲೆಯ ಕರ್ಣ ಹಿಂದೆ, ನಡುವಿನ ಭದ್ರ ಮುಂದೆ. ಇಂತಹ ಆಕಾರಕ್ಕೆ ಸೀಮಾಯತವನ್ನು ಎಳೆದರೆ ಅದು ಭದ್ರಗಳನ್ನು ತಾಗುತ್ತದೆ. ನಾಲ್ಕು ಮೂಲೆಗಳಲ್ಲಿ ಬಯಲು ಉಳಿಯುತ್ತದೆ. ಗುಡಿಯ ಉದ್ದಗಲಗಳನ್ನು ಗ್ರಂಥಗಳಲ್ಲಿ ಕೊಡುವಾಗ ಈ ಬಯಲೂ ಅದರಲ್ಲಿ ಸೇರಿರುತ್ತದೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಇದೇ ವಿಚಾರಕ್ಕೆ ಇನ್ನೂ ಸ್ಫುಟವಾದ ನಿದರ್ಶನವು ಲಕ್ಕುಂಡಿಗೆ ಸಮೀಪದ, ಮುಂಡರಗಿ ತಾಲೂಕಿನ ಡಂಬಳದಲ್ಲಿದೆ. ಅಲ್ಲಿಯ ದೊಡ್ಡಬಸಪ್ಪ ದೇವಾಲಯದ ವಿಮಾನವು 24 ಕೋನಗಳ ನಕ್ಷತ್ರಾಕಾರದ ತಲವಿನ್ಯಾಸಕ್ಕೆ ಪ್ರಸಿದ್ಧವಾದುದು. ಒಂದೇ ಕೇಂದ್ರದ ಸುತ್ತ ಚೌಕವೊಂದನ್ನು 15 ಅಂಶಗಳಂತೆ ತಿರುಗಿಸುತ್ತ ಹೋದರೆ ಆರು ಚೌಕಗಳಿಂದ 24 ಮೂಲೆಗಳು ದೊರೆಯುತ್ತವೆ. ಈಗ ಒಂದೊಂದು ಚೌಕಕ್ಕೂ ದಿಕ್ಕಿಗೆ ಸರಿಯಾದ ಸೀಮಾಯತವನ್ನು ಎಳೆಯೋಣ. ತಿರುಗದ ಚೌಕಕ್ಕೆ ಅದರಷ್ಟೇ ವಿಸ್ತೀರ್ಣದ ಆಯತ ಸಾಕು. 15 ಅಂಶ ತಿರುಗಿದ ಚೌಕಕ್ಕೆ ಒಂದೂವರೆಪಟ್ಟು ಬೇಕು; 30 ಅಂಶಕ್ಕೆ ಸುಮಾರು 1.87 ಪಟ್ಟು, 45 ಅಂಶಕ್ಕೆ ಸರಿಯಾಗಿ ಎರಡು ಪಟ್ಟು. ಚೌಕ ಬದಲಾಗಲಿಲ್ಲ, ಬದಲಾದುದು ಅದರ ಮುಖ ಮಾತ್ರ. ಆದರೂ ಅದನ್ನು ಒಳಗೊಳ್ಳುವ ನೆಲ ಇಮ್ಮಡಿಯಾಯಿತು.

ಇದರಿಂದ ತಿಳಿಯಬೇಕಾದುದೇನೆಂದರೆ, ಸೀಮಾಯತವು ವಸ್ತುವಿನ ಗುಣವನ್ನು ಮಾತ್ರವಲ್ಲದೆ ಅಳೆಯುವವನ ದಿಕ್ಕನ್ನೂ ಅವಲಂಬಿಸಿದೆ. 40 ಮೀಟರು ಉದ್ದ, 20 ಮೀಟರು ಅಗಲದ ಒಂದು ಕಟ್ಟಡವು ನಕ್ಷೆಯ ಉತ್ತರಕ್ಕೆ 10 ಅಂಶಗಳಷ್ಟು ಓರೆಯಾಗಿದ್ದರೆ, ನಕ್ಷೆಯ ಗೆರೆಗಳಿಗೆ ಸಮಾನಾಂತರವಾದ ಆಯತವು 800ಕ್ಕೆ ಬದಲಾಗಿ ಸುಮಾರು 1142 ಚದರ ಮೀಟರನ್ನು ಹಿಡಿಯುತ್ತದೆ. ನೂರಕ್ಕೆ 42ಕ್ಕೂ ಮಿಕ್ಕಿ ಹೆಚ್ಚಳ. ಗುಡಿಯ ಅಕ್ಷಕ್ಕೆ ಆಯತವನ್ನು ಹೊಂದಿಸಿಕೊಂಡರೆ ಈ ಹೆಚ್ಚಳ ಇಲ್ಲವಾಗುತ್ತದೆ.

ಲಕ್ಕುಂಡಿಯ ಕಾಶಿವಿಶ್ವನಾಥ ದೇವಾಲಯ ಇದಕ್ಕಿಂತ ಭಿನ್ನವಾದ ಪಾಠವನ್ನು ಕಲಿಸುತ್ತದೆ. ಇಲ್ಲಿ ಪೂರ್ವಾಭಿಮುಖವಾದ ಶಿವನ ಗರ್ಭಗುಡಿಯೂ, ಪಶ್ಚಿಮಾಭಿಮುಖವಾದ ಸೂರ್ಯನ ಚಿಕ್ಕ ಗುಡಿಯೂ ಎದುರುಬದುರಾಗಿ ನಿಂತಿವೆ. ಕೋಶಗಳ ಲೆಕ್ಕದಂತೆ ಇವನ್ನು ಬೇರೆಬೇರೆ ಗುಂಪುಗಳಾಗಿ ಎಣಿಸಿ ಎರಡು ಆಯತಗಳನ್ನು ಎಳೆದರೆ ನೆಲ ಉಳಿತಾಯವಾಗಬಹುದು. ದೇವಾಲಯದ ಅರ್ಥ ಮಾತ್ರ ಕೆಡುತ್ತದೆ. ಎರಡು ಗುಡಿಗಳ ನಡುವಿನ ತೆರಪೂ ಆ ರಚನೆಯ ಅಂಗವೇ. ಆರಿಸದ ನೆಲವೆಲ್ಲವೂ ವ್ಯರ್ಥವಾದ ನೆಲವಲ್ಲವೆಂಬುದಕ್ಕೆ ಇದು ಸಾಕ್ಷಿ. ಹಾಗೆಯೇ ಮಾಣಿಕೇಶ್ವರ ದೇವಾಲಯದ ಬಳಿಯ ಮುಸುಕಿನ ಬಾವಿಯು ನಕ್ಷೆಯ ಮೇಲೆ ಚಿಕ್ಕದೊಂದು ಆಕೃತಿ. ಅದರ ಮೆಟ್ಟಿಲುಗಳೂ ದೇವಕೋಷ್ಠಗಳೂ ಇರುವುದು ನೆಲದ ಕೆಳಗೆ. ಆಳವನ್ನು ಬಿಟ್ಟ ಸೀಮಾಯತವು ಇಂತಹ ಬಾವಿಯನ್ನು ಕುರಿತು ಏನನ್ನೂ ಹೇಳಿದಂತಾಗುವುದಿಲ್ಲ.

5. ಮೋಜಣಿ ಮತ್ತು ಉತ್ಖನನ

19ನೆಯ ಶತಮಾನದಲ್ಲಿ ಚತುಸ್ಸೀಮೆಯ ಸ್ಥಾನವನ್ನು ಸರ್ವೇ ನಂಬರು ಆಕ್ರಮಿಸಿತು. ಮುಂಬಯಿ ಇಲಾಖೆಯಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1835ರಲ್ಲಿ ಪುಣೆ ಪ್ರಾಂತದ ಇಂದಾಪುರದಲ್ಲಿ ಆರಂಭಿಸಿದ ಹೊಸ ಮೋಜಣಿಯು ಮುಂದಿನ ದಶಕದಲ್ಲಿ ಧಾರವಾಡ ಪ್ರಾಂತಕ್ಕೂ ಹಬ್ಬಿತು. ಅದರ ನಿಯಮಗಳು 1847ರ ಜಂಟಿ ವರದಿಯಲ್ಲಿ ಸ್ಥಿರಗೊಂಡವು. 33 ಅಡಿಯ ಸರಪಳಿಯ ಒಂದು ಚೌಕ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಪ್ರತಿಯೊಂದು ಹೊಲವೂ ಕ್ರಮಾಂಕವುಳ್ಳ ಒಂದು ಕೋಶವಾಯಿತು. ವಕ್ರವಾದ ಹೊಲವನ್ನು ತ್ರಿಕೋನ ಮತ್ತು ಸಮಲಂಬಗಳಾಗಿ ಒಡೆದು ವಿಸ್ತೀರ್ಣವನ್ನು ಎಣಿಸುತ್ತಿದ್ದರು. ಇದು ಇಂದಿನ ಗಣನಜಾಲದ ವಿಧಾನಕ್ಕೆ ಆಶ್ಚರ್ಯಕರವಾಗಿ ಸಮೀಪವಾಗಿದೆ. ಕಟ್ಟಡ, ಸೇತುವೆ, ಯಂತ್ರಭಾಗಗಳ ಮೇಲಿನ ಭಾರವನ್ನು ಎಣಿಸಲು ಎಂಜಿನಿಯರರು ಅವನ್ನು ತ್ರಿಕೋನ ಚತುಷ್ಕೋನಗಳಾಗಿ ಒಡೆಯುವ ವಿಧಾನಕ್ಕೆ ‘ಸೀಮಿತ ಅಂಶ’ಗಳ ವಿಧಾನವೆಂಬ ಅರ್ಥದ ಹೆಸರನ್ನು ರೇ ಕ್ಲಫ್ ಕೊಟ್ಟುದು 1960ರಲ್ಲಿ.

ಪುರಾತತ್ತ್ವದಲ್ಲಿ ಜಾಲದ ಶಿಸ್ತನ್ನು ಭಾರತದಲ್ಲಿ ನೆಲೆಗೊಳಿಸಿದವನು ಮಾರ್ಟಿಮರ್ ವ್ಹೀಲರ್. 1944ರಿಂದ 1948ರವರೆಗೆ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕನಾಗಿದ್ದ ಆತನು 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಉತ್ಖನನ ನಡೆಯಿಸಿದನು. ಆತನ ಕ್ರಮದಲ್ಲಿ ನೆಲವನ್ನು ಸಮಚೌಕಗಳಾಗಿ ವಿಭಾಗಿಸಿ, ನಡುವೆ ಅಗೆಯದ ಗೋಡೆಗಳನ್ನು ಉಳಿಸಿ, ದೊರೆತ ಪ್ರತಿಯೊಂದು ವಸ್ತುವಿಗೂ ಉದ್ದ, ಅಗಲ, ಆಳ ಎಂಬ ಮೂರು ಅಂಕಗಳನ್ನು ಬರೆಯಲಾಗುತ್ತದೆ. ಮೂರು ನಾಲ್ಕು ಚೌಕಗಳಲ್ಲಿ ಹಬ್ಬಿದ ಒಂದು ಗೋಡೆಯ ವ್ಯಾಪ್ತಿಯನ್ನು ಹೇಳಬೇಕಾದರೆ ಆ ಚೌಕಗಳ ಅಂಕಗಳಲ್ಲಿ ಕನಿಷ್ಠ ಗರಿಷ್ಠಗಳನ್ನು ಆಯುವುದಲ್ಲದೆ ಬೇರೆ ದಾರಿಯಿಲ್ಲ. ಅಗೆದ ಚೌಕದಲ್ಲಿ ಗೋಡೆ ಕಾಣದಿದ್ದರೆ ಅದು ‘ಇಲ್ಲ’; ಅಗೆಯದ ಚೌಕವಾದರೋ ‘ತಿಳಿಯದು’. ಇವೆರಡನ್ನೂ ಒಂದೇ ಸೊನ್ನೆಯಿಂದ ಬರೆದ ವರದಿಯು ಮುಂದಿನವರನ್ನು ದಾರಿತಪ್ಪಿಸುತ್ತದೆ. ಹೆಚ್ಚಿನ ಭಾಗ ಮನೆಗಳ ಕೆಳಗಿರುವ ಲಕ್ಕುಂಡಿಯಂತಹ ಊರಿನಲ್ಲಿ ಈ ಎಚ್ಚರಿಕೆ ಇನ್ನಷ್ಟು ಅವಶ್ಯ.

6. ಸಂರಕ್ಷಣೆಯ ಎಲ್ಲೆ

ಇಷ್ಟರವರೆಗಿನ ವಿಚಾರವು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ್ದರೆ ಇದನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಎಲ್ಲೆಯ ಲೆಕ್ಕ ಜನರ ಬಾಳಿಗೆ ತಾಗುವ ಸ್ಥಳವೊಂದಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಅಡಿಯಲ್ಲಿ ರಾಷ್ಟ್ರೀಯ ಮಹತ್ತ್ವದವೆಂದು ಘೋಷಿತವಾದ ಸ್ಮಾರಕಗಳ ಸುತ್ತ 100 ಮೀಟರುಗಳವರೆಗೆ ಕಟ್ಟಡ ನಿಷೇಧವೂ, ಅದರಾಚೆ 200 ಮೀಟರುಗಳವರೆಗೆ ನಿಯಂತ್ರಣವೂ 1992ರ ಅಧಿಸೂಚನೆಯಿಂದ ಬಂದು, 2010ರ ತಿದ್ದುಪಡಿಯಲ್ಲಿ ಕಾಯಿದೆಯ ಭಾಗವಾದವು. ಸಂರಕ್ಷಿತ ಎಲ್ಲೆಯಿಂದ ಆರಂಭಿಸಿ ಎಲ್ಲ ದಿಕ್ಕುಗಳಲ್ಲಿಯೂ 100 ಮೀಟರು ಎಂಬುದು ಅದರ ಆಶಯ.

ಮೇಲಿನ 40 ಮತ್ತು 20 ಮೀಟರುಗಳ ಕಟ್ಟಡವನ್ನೇ ಮತ್ತೆ ತೆಗೆದುಕೊಳ್ಳೋಣ. ಇದು ಲೆಕ್ಕಕ್ಕಾಗಿ ಕಲ್ಪಿಸಿದುದು, ಯಾವ ನಿರ್ದಿಷ್ಟ ಗುಡಿಯ ಅಳತೆಯೂ ಅಲ್ಲ. ಅದರ ನಾಲ್ಕು ಪಕ್ಕಗಳನ್ನೂ 100 ಮೀಟರು ಹೊರಕ್ಕೆ ಸರಿಸಿ ಆಯತವನ್ನು ಎಳೆದರೆ 240 ಮತ್ತು 220 ಮೀಟರುಗಳ, ಅಂದರೆ 52,800 ಚದರ ಮೀಟರುಗಳ ನೆಲವಾಗುತ್ತದೆ. ಇದು ಸುಮಾರು 13 ಎಕರೆ. ಕಟ್ಟಡದ 66 ಪಟ್ಟು. ಆದರೆ ಆಯತದ ಮೂಲೆಯು ಕಟ್ಟಡದ ಮೂಲೆಯಿಂದ 100 ಮೀಟರು ದೂರದಲ್ಲಿಲ್ಲ. 141 ಮೀಟರುಗಳಿಗೂ ಮಿಕ್ಕಿ ದೂರದಲ್ಲಿದೆ. ಎಲ್ಲ ದಿಕ್ಕುಗಳಲ್ಲಿಯೂ 100 ಮೀಟರನ್ನೇ ಹಿಡಿದರೆ ಮೂಲೆಗಳು ದುಂಡಾಗಿ, ವಿಸ್ತೀರ್ಣವು ಸುಮಾರು 44,216 ಚದರ ಮೀಟರಿಗೆ ಇಳಿಯುತ್ತದೆ. ವ್ಯತ್ಯಾಸ 8,584 ಚದರ ಮೀಟರು. ಹೊಲದ ಲೆಕ್ಕದಲ್ಲಿ ಸುಮಾರು 85 ಗುಂಟೆ, ಎರಡು ಎಕರೆಗೂ ಹೆಚ್ಚು. ಬಯಲು ಸೀಮೆಯಲ್ಲಿ ಇದು ಅಲ್ಪವೆನಿಸಬಹುದು. ಗುಡಿಗೆ ಅಂಟಿಕೊಂಡು ಮನೆಗಳಿರುವ ಊರಿನಲ್ಲಿ ಇದು ಹಲವು ಕುಟುಂಬಗಳ ಹಿತ್ತಲು, ಅಂಗಳ, ಮಗನಿಗಾಗಿ ಕಟ್ಟಬೇಕೆಂದಿರುವ ಕೋಣೆ. ನಕ್ಷೆಯನ್ನು ಸುಲಭಗೊಳಿಸಲು ಎಳೆದ ಒಂದು ಆಯತದಿಂದ ಕಾಯಿದೆ ಕೇಳದ ನೆಲವೂ ನಿಷೇಧಕ್ಕೆ ಒಳಗಾಗಬಹುದು.

ಇಲ್ಲಿ ಎಂಟು ದಿಕ್ಕಿನ ಎಲ್ಲೆಯ ಪ್ರಯೋಜನ ಕಾಣುತ್ತದೆ. ಅದೇ ಆಯತದ ನಾಲ್ಕು ಮೂಲೆಗಳನ್ನೂ ಈಶಾನ್ಯಾದಿ ದಿಕ್ಕುಗಳಲ್ಲಿ 100 ಮೀಟರಿಗೆ ಸರಿಯಾಗಿ ಕತ್ತರಿಸಿದರೆ, ಹೆಚ್ಚುವರಿಯಾಗಿ ಉಳಿಯುವುದು ಸುಮಾರು 1,721 ಚದರ ಮೀಟರು ಮಾತ್ರ. 85 ಗುಂಟೆಯ ತಪ್ಪು 17 ಗುಂಟೆಗೆ ಇಳಿಯಿತು. ನಾಲ್ಕು ಸಂಖ್ಯೆಗಳಿಗೆ ಬದಲಾಗಿ ಎಂಟು ಸಂಖ್ಯೆಗಳನ್ನು ಬರೆಯಬೇಕಾದುದಷ್ಟೇ ಇದಕ್ಕೆ ತೆರಬೇಕಾದ ಬೆಲೆ. ಹಳೆಯ ಶಾಸನಕಾರನು ಮೂಲೆಯ ದಿಕ್ಕುಗಳನ್ನೂ ಹೆಸರಿಸಿದಾಗ ವೃತ್ತದ ಗಣಿತವನ್ನು ಯೋಚಿಸಿದ್ದನೆಂದು ಹೇಳಲಾಗದು. ಆದರೆ ವ್ಯಾಜ್ಯ ಹುಟ್ಟುವುದು ಮೂಲೆಯಲ್ಲಿ ಎಂಬ ಅನುಭವ ಅವನಿಗಿದ್ದಿತು.

ಇದರ ಮತ್ತೊಂದು ಪಕ್ಷವನ್ನೂ ಮರೆಯಬಾರದು. ಪ್ರತಿ ಗುಡಿಗೂ ಪ್ರತ್ಯೇಕವಾದ ಚಿಕ್ಕ ಎಲ್ಲೆಯನ್ನು ಎಳೆದು ಉಳಿದುದನ್ನೆಲ್ಲ ಬಿಟ್ಟುಬಿಟ್ಟರೆ, ಗುಡಿಯಿಂದ ಗುಡಿಗೆ ಹೋಗುತ್ತಿದ್ದ ಬೀದಿ, ಬಾವಿ, ಕೋಟೆಯ ಸಾಲು ಇವು ಯಾವ ಆಯತಕ್ಕೂ ಸೇರದೆ ಹೋಗುತ್ತವೆ. ಇಡೀ ಊರಿಗೆ ಒಂದೇ ಆಯತವನ್ನು ಎಳೆದರೆ ಜನರು ಸ್ಮಾರಕದೊಳಗೆ ಸೆರೆಯಾಗುತ್ತಾರೆ. ಇವೆರಡರ ನಡುವಿನ ಮಾರ್ಗವು ಎರಡು ಹಂತಗಳದು. ಮೊದಲು ದೊಡ್ಡ ಸೀಮಾಯತದಿಂದ, ಎಲ್ಲಿ ಪರೀಕ್ಷೆ ಬೇಕು ಎಂಬುದನ್ನು ಮಾತ್ರ ತಿಳಿಯಬೇಕು. ಅದರೊಳಗೆ ಬಿದ್ದ ಮನೆಯ ವಿಷಯದಲ್ಲಿ ಮೂಲೆಯಿಂದ ಮೂಲೆಗೆ ನಿಜವಾಗಿ ಅಳೆದ ಮೇಲೆಯೇ ನಿರ್ಣಯಕ್ಕೆ ಬರಬೇಕು. ಆಯತಗಳು ತಾಗಿದವೆಂಬುದು ಸಂದೇಹಕ್ಕೆ ಕಾರಣವೇ ಹೊರತು ತೀರ್ಪಲ್ಲವೆಂದು ಮೇಲೆ ಹೇಳಿದುದರ ತಾತ್ಪರ್ಯ ಇದೇ.

7. ಉಪಸಂಹಾರ

ಮೇಲಿನ ಸಮಾಲೋಚನೆಯಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆಂದು ತಿಳಿಯಬಹುದು. ಎಲ್ಲೆಯನ್ನು ಅಂಚಿನಿಂದ ಎಣಿಸಬೇಕು, ನಡುವಿನಿಂದಲ್ಲ. ಎಲ್ಲೆಯ ಜೊತೆಗೆ ಪ್ರಮಾಣವನ್ನೂ ಹೇಳಬೇಕು. ಒಂದಿಲ್ಲದೆ ಇನ್ನೊಂದು ಅಪೂರ್ಣ. ಎಲ್ಲೆಯು ಸ್ಥೂಲವಾಗಿದ್ದಲ್ಲಿ ಅದನ್ನು ಹುಡುಕಾಟಕ್ಕೆ ಬಳಸಬೇಕೇ ಹೊರತು ನಿರ್ಣಯಕ್ಕೆ ಬಳಸಬಾರದು. ಮೊದಲಿನ ಎರಡನ್ನು ನಮ್ಮ ಶಾಸನಕಾರರು ಬಲ್ಲವರಾಗಿದ್ದರು. ಮೂರನೆಯದನ್ನು ನಾವು ಗಣಕದ ಲೆಕ್ಕದಿಂದ ಕಲಿಯಬಹುದಾಗಿದೆ.

ಲಕ್ಕುಂಡಿ ಪರಿಸರದ ದಾನಶಾಸನಗಳಲ್ಲಿ ಉಕ್ತವಾದ ಎಲ್ಲೆಗಳನ್ನು ಇಂದಿನ ಸರ್ವೇ ನಂಬರುಗಳೊಡನೆ ತಾಳೆ ನೋಡುವ ಕಾರ್ಯ ನಡೆದರೆ, ಹಳೆಯ ಪಟ್ಟಣದ ವಿಸ್ತಾರವನ್ನು ಅಗೆಯದೆಯೇ ಬಹುಮಟ್ಟಿಗೆ ಊಹಿಸಲು ಅವಕಾಶವಾದೀತು. ಹಳ್ಳ, ಕೆರೆಯ ಏರಿ, ನಟ್ಟ ಕಲ್ಲುಗಳಲ್ಲಿ ಕೆಲವಾದರೂ ಇನ್ನೂ ತಮ್ಮ ಸ್ಥಾನಗಳಲ್ಲಿರುವ ಸಂಭವವಿದೆ. ಹೊಲದ ಬದುಗಳು ಅಳಿಯುವ ಮುನ್ನ ಈ ಕೆಲಸವಾಗಬೇಕು.

ಲೇಖಕನು ತನ್ನ ನಕ್ಷೆಯನ್ನು ತಿದ್ದಿ, ಚುಕ್ಕೆಗಳನ್ನು ಅಳಿಸಿ, ಪ್ರತಿ ಅವಶೇಷದ ಮೂಲೆಗಳನ್ನು ಅಳೆದು ಮತ್ತೆ ಬರೆದಿದ್ದಾನೆ. ಬಾವಿಯ ಮೆಟ್ಟಿಲುಗಳು ಈಗ ಗೆರೆಯೊಳಗೆ ಬಂದಿವೆ. ನೆರೆಮನೆಯ ಹಿರಿಯರ ಪ್ರಶ್ನೆಗೆ ಪೂರ್ಣವಾದ ಉತ್ತರ ಕೊಡಲು ಅಧಿಕಾರವುಳ್ಳವರ ಅಳತೆಯೇ ಬೇಕು. ಆದರೆ ಗುಡಿಯ ಅಧಿಷ್ಠಾನದ ಕೊನೆಯ ಕಲ್ಲು ಎಲ್ಲಿದೆ, ಅಲ್ಲಿಂದ ಅವರ ಗೋಡೆ ಎಷ್ಟು ದೂರ ಎಂಬಷ್ಟನ್ನು ಈ ಸಲ ಅವರಿಗೆ ಹೇಳಲು ಸಾಧ್ಯವಾಯಿತು.